ಲೋಹಸಂಕೀರ್ಣಗಳ ಅನುದೀಪ್ತಿ

೧. ವಿಷಯಪ್ರವೇಶ

ತುಂಗಭದ್ರೆಯ ಉತ್ತರದಂಡೆಯಲ್ಲಿ, ಹಂಪೆಗೆ ಎದುರಾಗಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿಗೆ ಸೇರಿದ ಆನೆಗೊಂದಿಯು ಇರುವುದು. ಇದನ್ನು ವಾನರರ ಕಿಷ್ಕಿಂಧೆಯೆಂದು ಸಂಪ್ರದಾಯಜ್ಞರೂ, ವಿಜಯನಗರದ ತಾಯಿನೆಲವೆಂದು ಇತಿಹಾಸಜ್ಞರೂ ಕೊಂಡಾಡುವರು. ಲೋಹಕ್ಕೂ ವರ್ಣಕ್ಕೂ, ವರ್ಣಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ವಿಚಾರಮಾಡತಕ್ಕವರಿಗೆ ಈ ಒಂದು ಪ್ರದೇಶವೇ ಮೂರು ಉದಾಹರಣೆಗಳನ್ನು ಒದಗಿಸುತ್ತದೆ.

ಆನೆಗೊಂದಿಯ ಸಮೀಪದಲ್ಲಿ ಒನಕೆ ಕಿಂಡಿಯೆಂಬಲ್ಲಿ ಪ್ರಾಗಿತಿಹಾಸಕಾಲದ ಜನರು ಬಂಡೆಗಳ ಮೇಲೆ ಕೆಮ್ಮಣ್ಣಿನ ಬಣ್ಣದಿಂದ ಬರೆದ ಆಕೃತಿಗಳು ಇಂದಿಗೂ ಕಾಣಬರುತ್ತವೆ. ಆ ಕೆಂಪಿಗೆ ಕಾರಣವು ಮಣ್ಣಿನಲ್ಲಿರುವ ಕಬ್ಬಿಣ. ಇದು ಮೊದಲನೆಯದು. ಹೊಳೆಯ ಆಚೆಯ ದಂಡೆಯಲ್ಲಿ, ಕ್ರಿ.ಶ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸನು ಅಲ್ಲಿಯ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿರುವನು. ಮಾಣಿಕ್ಯದ ಕೆಂಪಿಗೆ ಕಾರಣವು ಅದರಲ್ಲಿ ಅಲ್ಪಾಂಶವಾಗಿ ಬೆರೆತಿರುವ ಕ್ರೋಮಿಯಮ್. ಇದು ಎರಡನೆಯದು. ಮೂರನೆಯದು ಈ ಕಾಲದ್ದು. ಅಂಜನಾದ್ರಿಯ ಮೆಟ್ಟಿಲುಗಳನ್ನೇರುವ ಯಾತ್ರಿಕರ ಕೈಯಲ್ಲಿರುವ ಮೊಬೈಲು ಫೋನುಗಳಲ್ಲಿ ಅನೇಕವುಗಳ ಪರದೆಯೊಳಗೆ ಕೆಂಪಾಗಿಯೂ ಹಸುರಾಗಿಯೂ ಹೊಳೆಯುವ ಬಿಂದುಗಳಲ್ಲಿ ಇರಿಡಿಯಮ್ ಎಂಬ ಲೋಹವು ಅಡಗಿರುತ್ತದೆ.

ಮೂರರಲ್ಲಿಯೂ ಲೋಹವುಂಟು, ವರ್ಣವುಂಟು. ಆದರೆ ಮೂರರ ವ್ಯಾಪಾರವೂ ಒಂದೇ ಅಲ್ಲ. ಕೆಮ್ಮಣ್ಣು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೀಲಿ ಹಸುರುಗಳನ್ನು ನುಂಗಿ, ಉಳಿದುದನ್ನು ಹಿಂದಕ್ಕೆ ಕಳುಹಿಸುತ್ತದೆ; ನುಂಗಿದುದು ಬರಿಯ ಕಾವಾಗಿ ಹೋಗುವುದು. ಮಾಣಿಕ್ಯವು ನುಂಗಿದ ಬೆಳಕಿನಲ್ಲಿ ಒಂದು ಪಾಲನ್ನು ತಾನೇ ಕೆಂಪು ಬೆಳಕಾಗಿ ಮಾರ್ಪಡಿಸಿ ಕೊಡುತ್ತದೆ. ಇರಿಡಿಯಮಿನ ಸಂಕೀರ್ಣವು ಹೊರಗಿನ ಬೆಳಕನ್ನು ಅಪೇಕ್ಷಿಸದೆ, ವಿದ್ಯುತ್ತಿನಿಂದಲೇ ಬೆಳಕನ್ನು ಹೊರಡಿಸುತ್ತದೆ. ಲೋಹವು ವರ್ಣವನ್ನು ಕೊಡುವುದು ಬೇರೆ, ಬೆಳಕನ್ನು ಕೊಡುವುದು ಬೇರೆ. ಈ ಎರಡನೆಯ ಕಾರ್ಯಕ್ಕೆ ಭಾರವಾದ ಲೋಹವೇ ಏಕೆ ಬೇಕಾಯಿತು, ಅದರಿಂದ ಆದ ಲಾಭವೇನು, ಇನ್ನೂ ಉಳಿದ ಕೊರತೆಯೇನು ಎಂಬುದೇ ಈ ಲೇಖನದ ವಿಷಯ.

೨. ದೀಪ್ತಿಯ ಎರಡು ಬಗೆ

ಎಣ್ಣೆಯ ದೀಪ, ಕಾದ ಕಬ್ಬಿಣ, ಸೂರ್ಯ ಇವುಗಳ ಬೆಳಕು ಕಾವಿನಿಂದ ಹುಟ್ಟತಕ್ಕುದು. ಕಾವಿಲ್ಲದೆ ಹುಟ್ಟುವ ಶೀತಪ್ರಕಾಶಕ್ಕೆ ದೀಪ್ತಿಯೆಂಬ ಹೆಸರು ಸಲ್ಲುತ್ತದೆ. ಇದರಲ್ಲಿ ಎರಡು ಬಗೆ. ಹೊರಗಿನ ಪ್ರೇರಣೆಯು ನಿಂತೊಡನೆ ತಾನೂ ನಿಲ್ಲುವುದು ಪ್ರತಿದೀಪ್ತಿ. ಪ್ರೇರಣೆಯು ನಿಂತ ಮೇಲೆಯೂ ಕೆಲವು ಕಾಲ ಉಳಿಯುವುದು ಸ್ಫುರದೀಪ್ತಿ. ಮೊದಲನೆಯದಕ್ಕೆ ವಿದ್ವಾಂಸನಾದ ಸ್ಟೋಕ್ಸನು ೧೮೫೨ರಲ್ಲಿ ಫ್ಲೋರ್‌ಸ್ಪಾರ್ ಎಂಬ ಖನಿಜದಿಂದ ಹೆಸರನ್ನು ಕಲ್ಪಿಸಿದನು. ಎರಡನೆಯದರ ಪಾಶ್ಚಾತ್ಯ ನಾಮವು ರಂಜಕದ ನಾಮಕ್ಕೆ ಸಂಬಂಧಪಟ್ಟದ್ದು. ಆದರೆ ರಂಜಕವು ಕತ್ತಲಲ್ಲಿ ಹೊಳೆಯುವುದು ಗಾಳಿಯೊಡನೆ ಕೂಡಿ ಮೆಲ್ಲಗೆ ದಹಿಸುವುದರಿಂದಲೇ ಹೊರತು ಈ ದೀಪ್ತಿಯಿಂದಲ್ಲ. ಕನ್ನಡದ ಸ್ಫುರದೀಪ್ತಿಶಬ್ದದಲ್ಲಿಯೂ ಇಂತಹುದೇ ತೊಡಕುಂಟು: ‘ಸ್ಫುರ’ ಧಾತುವು ಥಟ್ಟನೆ ಮಿಡಿಯುವುದನ್ನು ಸೂಚಿಸುತ್ತದೆ, ಇಲ್ಲಿ ಹೇಳಬೇಕಾದುದು ವಿಳಂಬವನ್ನು. ಆದುದರಿಂದ ಮುಂದೆ, ಹಿಂದಿನಿಂದ ಬರುವ ದೀಪ್ತಿಯೆಂಬ ಅರ್ಥದಲ್ಲಿ ಅನುದೀಪ್ತಿಯೆಂಬ ಪದವನ್ನು ಬಳಸಲಾಗಿದೆ. ಸ್ಫುರದೀಪ್ತಿಯೆಂದು ಓದಿ ರೂಢಿಯಾದವರು ಇವೆರಡನ್ನೂ ಪರ್ಯಾಯವೆಂದು ತಿಳಿಯತಕ್ಕದ್ದು.

ವಿಳಂಬಕ್ಕೆ ಕಾರಣವನ್ನು ಎಲೆಕ್ಟ್ರಾನುಗಳಲ್ಲಿ ಹುಡುಕಬೇಕು. ಪ್ರತಿಯೊಂದು ಎಲೆಕ್ಟ್ರಾನಿಗೂ ಬುಗುರಿಯ ಗಿರಕಿಗೆ ಹೋಲಿಸಬಹುದಾದ ಒಂದು ಭ್ರಮಣಗುಣವುಂಟು. ಅದಕ್ಕೆ ಮೇಲ್ಮುಖವೆಂದೂ ಕೆಳಮುಖವೆಂದೂ ಎರಡೇ ಗತಿ. ಸಾಮಾನ್ಯವಾದ ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ, ಒಂದರ ಭ್ರಮಣವು ಮತ್ತೊಂದಕ್ಕೆ ವಿರುದ್ಧವಾಗಿ ಇರುತ್ತವೆ. ಅಣುವಿಗೆ ಶಕ್ತಿಯು ಬಂದೊಡನೆ ಜೋಡಿಯಲ್ಲೊಂದು ಮೇಲಿನ ನೆಲೆಗೆ ಏರುವುದು. ಏರಿದ ಮೇಲೆಯೂ ಎರಡರ ಭ್ರಮಣಗಳು ವಿರುದ್ಧವಾಗಿಯೇ ಇದ್ದರೆ ಆ ಅವಸ್ಥೆಗೆ ಏಕಕವೆಂದು ಹೆಸರು. ಎರಡೂ ಒಂದೇ ಮುಖವಾದರೆ ತ್ರಿಕವೆಂದು ಹೆಸರು. ವಿರುದ್ಧಭ್ರಮಣಗಳ ಈ ಜೋಡಣೆಗೆ ಒಂದೇ ರೀತಿಯೂ, ಸಮಭ್ರಮಣಗಳ ಜೋಡಣೆಗೆ ಮೂರು ರೀತಿಗಳೂ ಇರುವುದರಿಂದ ಈ ಹೆಸರುಗಳು ಬಂದುವು.

ಏಕಕದಿಂದ ಕೆಳಗಿಳಿಯಲು ಅಡ್ಡಿಯಿಲ್ಲ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲುಗಳಷ್ಟು ಕಾಲದೊಳಗೆ ಎಲೆಕ್ಟ್ರಾನು ಇಳಿದು ಬೆಳಕನ್ನು ಕೊಡುವುದು. ಇದೇ ಪ್ರತಿದೀಪ್ತಿ. ತ್ರಿಕದಿಂದ ಇಳಿಯಬೇಕಾದರೆ ಭ್ರಮಣವು ತಿರುಗಿ ವಿರುದ್ಧವಾಗಬೇಕು; ಬೆಳಕಿನ ಸಹಜವ್ಯಾಪಾರವು ಭ್ರಮಣವನ್ನು ಮುಟ್ಟಲಾರದು. ಆದುದರಿಂದ ಆ ಇಳಿತವು ನಿಷಿದ್ಧ. ನಿಷಿದ್ಧವೆಂದರೆ ಅಸಂಭವವಲ್ಲ, ಅತಿವಿಳಂಬವೆಂದರ್ಥ. ವಿಳಂಬದ ಅವಧಿಯಲ್ಲಿ ಅಣುವು ಕಂಪಿಸುತ್ತ ತನ್ನ ಶಕ್ತಿಯನ್ನು ಕಾವಾಗಿ ಚೆಲ್ಲಿಬಿಡುವುದರಿಂದ, ಸಾವಯವ ವಸ್ತುಗಳಲ್ಲಿ ಸಾಧಾರಣ ಹವೆಯಲ್ಲಿ ಅನುದೀಪ್ತಿಯು ಕಾಣುವುದೇ ವಿರಳ. ಅನುದೀಪ್ತಿಯು ತ್ರಿಕದಿಂದ ಹುಟ್ಟುವುದೆಂದು ೧೯೪೪ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸನೂ ಮೈಕೇಲ್ ಕಾಶನೂ ಪ್ರತಿಪಾದಿಸಿದರು.

೩. ಮಾಣಿಕ್ಯದ ಸಾಕ್ಷ್ಯ

ಇದೇ ವರ್ಷಗಳಲ್ಲಿ ಕರ್ನಾಟಕದಲ್ಲಿಯೂ ದೀಪ್ತಿಯ ಶೋಧನೆಯು ನಡೆದಿದ್ದಿತು. ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಚಂದ್ರಶೇಖರ ವೆಂಕಟರಾಮನ್ನರು ನೂರಾರು ವಜ್ರಗಳನ್ನು ಸಂಗ್ರಹಿಸಿ ಅವುಗಳ ದೀಪ್ತಿಯನ್ನು ಪರೀಕ್ಷಿಸಿದರು. ೧೯೪೦ರಲ್ಲಿ ಅವರ ಪ್ರಯೋಗಶಾಲೆಯನ್ನು ಸೇರಿದ ಅಣ್ಣಾ ಮಣಿಯವರು ವಜ್ರ ಮತ್ತು ಮಾಣಿಕ್ಯಗಳ ವರ್ಣಪಟಲಗಳನ್ನು ತೆಗೆದರು. ಅತಿಮಂದವಾದ ಆ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯಲು ಹದಿನೈದು ಇಪ್ಪತ್ತು ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ರಾಮನ್ನರು ವಜ್ರದ ರಚನೆಯ ಬಗ್ಗೆ ಕಟ್ಟಿದ ಸಿದ್ಧಾಂತವು ಮುಂದೆ ನಿಲ್ಲಲಿಲ್ಲ. ವಜ್ರದ ದೀಪ್ತಿಯು ಬಹುಮಟ್ಟಿಗೆ ಅದರಲ್ಲಿ ಸೇರಿಕೊಂಡ ಸಾರಜನಕವೇ ಮೊದಲಾದ ದೋಷಗಳಿಂದ ಬರುವುದೆಂದು ಈಗ ಸಿದ್ಧವಾಗಿದೆ. ಆದರೆ ಹರಳಿನ ಬೆಳಕನ್ನು ಹರಳಿನ ಒಳಸ್ಥಿತಿಯ ಸಾಕ್ಷಿಯನ್ನಾಗಿ ವಿಚಾರಿಸಬೇಕೆಂಬ ಅವರ ಕ್ರಮವು ಉಳಿದುಕೊಂಡಿತು.

ಮಾಣಿಕ್ಯವು ಪ್ರಕೃತವಿಷಯಕ್ಕೆ ಬಹಳ ಹತ್ತಿರದ್ದು. ಅಲ್ಯೂಮಿನಿಯಮ್ ಮತ್ತು ಆಮ್ಲಜನಕಗಳಿಂದಾದ ವರ್ಣರಹಿತ ಹರಳಿನಲ್ಲಿ ಅಲ್ಲಲ್ಲಿ ಅಲ್ಯೂಮಿನಿಯಮಿನ ಸ್ಥಾನವನ್ನು ಕ್ರೋಮಿಯಮ್ ಆಕ್ರಮಿಸಿದರೆ ಅದು ಮಾಣಿಕ್ಯವಾಗುತ್ತದೆ. ಈ ಕ್ರೋಮಿಯಮಿನಲ್ಲಿ ಮೂರು ಎಲೆಕ್ಟ್ರಾನುಗಳು ಒಂದೇ ಮುಖವಾಗಿ ಭ್ರಮಿಸುತ್ತವೆ. ಹಸುರು ಅಥವಾ ನೇರಳೆಯ ಬೆಳಕು ಬಿದ್ದಾಗ ಅದು ಮೇಲಿನ ನೆಲೆಗೆ ಏರಿ, ಅಲ್ಲಿಂದ ಜಾರಿ, ಮೂರರಲ್ಲಿ ಒಂದರ ಭ್ರಮಣವು ತಿರುಗಿದ ಒಂದು ನೆಲೆಯಲ್ಲಿ ನಿಂತುಕೊಳ್ಳುವುದು. ಅಲ್ಲಿಂದ ಇಳಿಯಲು ಮತ್ತೆ ಭ್ರಮಣವು ಮರಳಬೇಕು. ಆದುದರಿಂದ ಒಂದು ಸೆಕೆಂಡಿನ ಸಾವಿರ ಪಾಲುಗಳಲ್ಲಿ ಮೂರು ನಾಲ್ಕು ಪಾಲುಗಳಷ್ಟು ತಡವಾಗುತ್ತದೆ. ತಡವಾದರೂ ಹರಳಿನ ಬಿಗಿಯಾದ ಕಟ್ಟಿನೊಳಗೆ ಶಕ್ತಿಯು ಸೋರಿಹೋಗದೆ ಕೆಂಪು ಬೆಳಕಾಗಿಯೇ ಬರುವುದು. ೧೯೬೦ರಲ್ಲಿ ಥಿಯೊಡೋರ್ ಮೈಮನ್ನನು ಮೊದಲನೆಯ ಲೇಸರನ್ನು ಮಾಣಿಕ್ಯದಿಂದಲೇ ನಿರ್ಮಿಸಲು ಸಾಧ್ಯವಾದುದು, ಶಕ್ತಿಯು ಹೀಗೆ ತಂಗಿ ನಿಲ್ಲುವ ಗುಣದಿಂದಲೇ.

ಇಲ್ಲಿ ರತ್ನಪರೀಕ್ಷಕರಿಗೆ ಪರಿಚಿತವಾದ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಬರ್ಮಾದೇಶದ ಮಾಣಿಕ್ಯಗಳು ಕೆಂಡದಂತೆ ಒಳಗಿನಿಂದಲೇ ಬೆಳಗುವುವು. ಸಯಾಮಿನ ಮಾಣಿಕ್ಯಗಳಲ್ಲಿ ಆ ಕಾಂತಿಯು ಮಂದ. ಭೇದಕ್ಕೆ ಕಾರಣವು ಕಬ್ಬಿಣ. ಸಯಾಮಿನ ಹರಳುಗಳಲ್ಲಿ ಹೆಚ್ಚಾಗಿ ಬೆರೆತ ಕಬ್ಬಿಣವು ಕ್ರೋಮಿಯಮಿನ ಶಕ್ತಿಯನ್ನು ಕಸಿದುಕೊಂಡು ಕಾವಾಗಿ ಕಳೆಯುವುದು. ಒನಕೆ ಕಿಂಡಿಯ ಬಂಡೆಗೆ ಅಳಿಯದ ಬಣ್ಣವನ್ನು ಕೊಟ್ಟ ಲೋಹವೇ ಮಾಣಿಕ್ಯದ ಬೆಳಕನ್ನು ಕೆಡಿಸತಕ್ಕುದಾಯಿತು. ಲೋಹವೆಂದ ಮಾತ್ರಕ್ಕೆ ಪ್ರಕಾಶಕವಲ್ಲ. ಯಾವ ಲೋಹ, ಯಾವ ಪರಿವಾರದ ನಡುವೆ ಎಂಬುದೇ ಮುಖ್ಯ.

೪. ಮುಕ್ಕಾಲು ಪಾಲಿನ ನಷ್ಟ

ಇನ್ನು ವಿದ್ಯುತ್ತಿನಿಂದ ಬೆಳಗುವ ಪರದೆಗೆ ಬರಬಹುದು. ಪರದೆಗಳಲ್ಲಿ ಎರಡು ಜಾತಿ. ಹಿಂದಿರುವ ಒಂದು ದೀಪದ ಬೆಳಕನ್ನು ಸೋಸಿ ಬಿಡುವ ದ್ರವಸ್ಫಟಿಕದ ಪರದೆಯು ಪರಪ್ರಕಾಶ. ಪ್ರತಿಯೊಂದು ಬಿಂದುವೂ ತಾನೇ ದೀಪವಾಗಿರುವ ಸಾವಯವ ಪರದೆಯು ಸ್ವಯಂಪ್ರಭ. ಕಿಷ್ಕಿಂಧಾಕಾಂಡವನ್ನು ಬಲ್ಲವರಿಗೆ ಸ್ವಯಂಪ್ರಭೆಯೆಂಬ ತಪಸ್ವಿನಿಯ ಹೆಸರು ಹೊಸದಲ್ಲ. ಸೀತೆಯನ್ನು ಹುಡುಕುತ್ತ ದಕ್ಷಿಣಕ್ಕೆ ಹೊರಟ ವಾನರರು ಕಗ್ಗತ್ತಲೆಯ ಬಿಲವೊಂದನ್ನು ಹೊಕ್ಕು, ಅದರೊಳಗೆ ಬೆಳಕಿನ ನೆಲೆಯನ್ನೂ ಅವಳನ್ನೂ ಕಂಡರು. ಶಬ್ದವನ್ನು ಅಲ್ಲಿಂದ ಎರವಲಾಗಿ ತಂದುದು ಮಾತ್ರ. ಕಥೆಯಲ್ಲಿ ಈ ವಿದ್ಯೆಯನ್ನು ಹುಡುಕುವುದು ಸಲ್ಲದು.

ಸ್ವಯಂಪ್ರಭವಾದ ದೀಪದ ರಚನೆಯು ಸರಳ. ಪಾರದರ್ಶಕವಾದ ಧನಫಲಕ, ಲೋಹದ ಋಣಫಲಕ. ಇವೆರಡರ ನಡುವೆ ತಲೆಗೂದಲಿನ ದಪ್ಪದಲ್ಲಿ ಐನೂರರಲ್ಲೊಂದು ಪಾಲಿನಷ್ಟು ತೆಳುವಾದ ಸಾವಯವ ಪದರಗಳು. ಋಣಫಲಕದಿಂದ ಎಲೆಕ್ಟ್ರಾನುಗಳೂ, ಧನಫಲಕದಿಂದ ಎಲೆಕ್ಟ್ರಾನಿನ ಅಭಾವರೂಪವಾದ ರಂಧ್ರಗಳೂ ಒಳಗೆ ಬಂದು ಒಂದೇ ಅಣುವಿನಲ್ಲಿ ಸಂಧಿಸಿದಾಗ ಆ ಅಣುವು ಉದ್ರಿಕ್ತವಾಗುವುದು. ಇಳಿಯುವಾಗ ಬೆಳಕನ್ನು ಕೊಡುವುದು. ಇಂತಹ ದೀಪವನ್ನು ೧೯೮೭ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಎಂಬವರು ಹತ್ತು ವೋಲ್ಟಿಗಿಂತ ಕಡಿಮೆಯ ವಿದ್ಯುತ್ತಿನಲ್ಲಿ ಬೆಳಗಿಸಿ ತೋರಿಸಿದರು. ಅವರು ಉಪಯೋಗಿಸಿದ ವಸ್ತುವೂ ಲೋಹಸಂಕೀರ್ಣವೇ: ನಡುವೆ ಒಂದು ಅಲ್ಯೂಮಿನಿಯಮ್, ಅದನ್ನು ಸುತ್ತಿ ಹಿಡಿದ ಮೂರು ಸಾವಯವ ಅಂಗಗಳು. ಹೀಗೆ ಲೋಹವನ್ನು ಸುತ್ತಿ ಹಿಡಿಯುವ ಅಂಗಗಳಿಗೆ ಲಿಗ್ಯಾಂಡುಗಳೆಂದು ಹೆಸರು. ಅದು ಹಸುರಾಗಿ ಬೆಳಗಿತು. ಆದರೆ ಒಳಗೆ ಹರಿದ ನೂರು ಎಲೆಕ್ಟ್ರಾನುಗಳಿಗೆ ಹೊರಗೆ ಬಂದ ಬೆಳಕಿನ ಕಣವು ಸುಮಾರು ಒಂದು ಮಾತ್ರ.

ಇಷ್ಟು ಅಲ್ಪಕ್ಕೆ ಕಾರಣಗಳಲ್ಲಿ ಪ್ರಧಾನವಾದುದು ಭ್ರಮಣದ ಗಣಿತ. ಬೆಳಕಿನಿಂದ ಉದ್ರಿಕ್ತವಾದ ಅಣುವು ಮೊದಲು ಏಕಕವನ್ನೇ ಸೇರುತ್ತದೆ. ವಿದ್ಯುತ್ತಿನಲ್ಲಿ ಹಾಗಲ್ಲ. ಬೇರೆಬೇರೆಯಾಗಿ ಬಂದ ಎಲೆಕ್ಟ್ರಾನು ಮತ್ತು ರಂಧ್ರಗಳು ಯದೃಚ್ಛೆಯಿಂದ ಕೂಡುವಾಗ, ಒಂದು ಏಕಕಕ್ಕೆ ಮೂರು ತ್ರಿಕಗಳು ಹುಟ್ಟುತ್ತವೆ. ಅಲ್ಯೂಮಿನಿಯಮಿನ ಸಂಕೀರ್ಣವು ಏಕಕದಿಂದ ಮಾತ್ರ ಬೆಳಗಬಲ್ಲುದು. ಆದುದರಿಂದ ನಾಲ್ಕರಲ್ಲಿ ಮೂರು ಪಾಲು ಶಕ್ತಿಯು ಕಾವಾಗಿ ವ್ಯರ್ಥವಾಗುವುದು. ನೈಯಾಯಿಕರ ಉದ್ಭೂತ, ಅನುದ್ಭೂತ ಎಂಬ ಪರಿಭಾಷೆಯಿಂದ ಹೇಳುವುದಾದರೆ, ಇಲ್ಲಿ ಕಾಲು ಪಾಲು ತೇಜಸ್ಸು ಉದ್ಭೂತ, ಮುಕ್ಕಾಲು ಪಾಲು ಅನುದ್ಭೂತ. ಇದನ್ನು ಯಂತ್ರದ ನಯಗಾರಿಕೆಯಿಂದ ಸರಿಪಡಿಸುವಂತಿರಲಿಲ್ಲ, ವಸ್ತುವನ್ನೇ ಬದಲಾಯಿಸಬೇಕಾಗಿದ್ದಿತು.

೫. ಭಾರಲೋಹದ ಕಾರ್ಯ

ಪರಿಹಾರವು ಲೋಹದ ಭಾರದಲ್ಲಿ ದೊರಕಿತು. ಅಲ್ಯೂಮಿನಿಯಮಿನ ಪರಮಾಣುಸಂಖ್ಯೆ ೧೩. ಇರಿಡಿಯಮಿನದು ೭೭, ಪ್ಲಾಟಿನಮಿನದು ೭೮. ಸಂಖ್ಯೆಯು ಹೆಚ್ಚಿದಷ್ಟೂ ಪರಮಾಣುವಿನ ಗರ್ಭದ ವಿದ್ಯುದಂಶವು ಹೆಚ್ಚುವುದು. ಅದರ ಬಳಿ ಸುಳಿಯುವ ಎಲೆಕ್ಟ್ರಾನಿನ ವೇಗವೂ ಹೆಚ್ಚುವುದು. ಎಲೆಕ್ಟ್ರಾನಿನ ಕಡೆಯಿಂದ ನೋಡಿದರೆ ಆ ಪ್ರಬಲವಾದ ವಿದ್ಯುದ್ಗರ್ಭವೇ ತನ್ನನ್ನು ಸುತ್ತಿದಂತಾಗಿ, ಅಯಸ್ಕಾಂತಕ್ಷೇತ್ರವೊಂದು ಉಂಟಾಗುತ್ತದೆ. ಬೆಳಕು ಮುಟ್ಟಲಾರದ ಭ್ರಮಣವನ್ನು ಈ ಕ್ಷೇತ್ರವು ಮುಟ್ಟಬಲ್ಲುದು. ಸುತ್ತುವಿಕೆಗೂ ಭ್ರಮಣಕ್ಕೂ ಉಂಟಾಗುವ ಈ ಬಂಧವು ಹಗುರವಾದ ಪರಮಾಣುಗಳಲ್ಲಿ ನಗಣ್ಯ, ಭಾರವಾದವುಗಳಲ್ಲಿ ಬಹುಪ್ರಬಲ.

ಭಾರಲೋಹವು ನಿಷೇಧಕ್ಕೆ ಅಪವಾದವೆಂದು ಹೇಳುವ ವಾಡಿಕೆಯುಂಟು. ವ್ಯಾಕರಣಶಾಸ್ತ್ರದಲ್ಲಿ ಉತ್ಸರ್ಗವೆಂಬುದು ಸಾಮಾನ್ಯವಿಧಿ. ವಿಶೇಷಸ್ಥಳದಲ್ಲಿ ಅದನ್ನು ಬಾಧಿಸತಕ್ಕುದು ಅಪವಾದ. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಯಾವ ಬಾಧೆಯೂ ಇಲ್ಲ. ನಿಷೇಧವು ಶುದ್ಧವಾದ ತ್ರಿಕಕ್ಕೆ ಸಂಬಂಧಿಸಿದುದು. ಭಾರಲೋಹದ ಸನ್ನಿಧಿಯಲ್ಲಿ ಶುದ್ಧತ್ರಿಕವೇ ಉಳಿಯುವುದಿಲ್ಲ. ಅದರಲ್ಲಿ ಏಕಕದ ಅಂಶವು ಬೆರೆತು ಸಂಕರಾವಸ್ಥೆಯಾಗುತ್ತದೆ. ಬೆರೆತ ಅಂಶದ ಬಲದಿಂದಲೇ ಬೆಳಕು ಹೊರಡುವುದು. ನಿಮಿತ್ತವೇ ಇಲ್ಲದ ಕಡೆಯಲ್ಲಿ ಸೂತ್ರವು ಪ್ರವರ್ತಿಸದೆಂಬ ನ್ಯಾಯಕ್ಕೆ ಇದು ಹತ್ತಿರವೇ ಹೊರತು ಅಪವಾದನ್ಯಾಯಕ್ಕಲ್ಲ. ಪ್ರಕೃತಿಯು ನಿಯಮವನ್ನು ಮುರಿಯಲಿಲ್ಲ. ನಿಯಮಕ್ಕೆ ವಿಷಯವಾದ ವಸ್ತುವು ಬೇರೆಯಾಯಿತು.

೧೯೯೮ರಲ್ಲಿ ಅಮೆರಿಕದ ಬಾಲ್ಡೊ, ಥಾಮ್ಸನ್, ಫಾರೆಸ್ಟ್ ಮೊದಲಾದವರು ಪ್ಲಾಟಿನಮಿನ ಸಂಕೀರ್ಣವೊಂದನ್ನು ದೀಪದ ಪದರದಲ್ಲಿ ಅಲ್ಪಪ್ರಮಾಣದಲ್ಲಿ ಬೆರೆಸಿ ಶುದ್ಧವಾದ ಕೆಂಪು ಬೆಳಕನ್ನು ಪಡೆದರು. ಅದರ ಲಿಗ್ಯಾಂಡು ಪೋರ್ಫಿರಿನ್ ಎಂಬ ಉಂಗುರ. ರಕ್ತದಲ್ಲಿ ಕಬ್ಬಿಣವನ್ನೂ ಎಲೆಯ ಹಸುರಿನಲ್ಲಿ ಮೆಗ್ನೀಸಿಯಮನ್ನೂ ನಡುವೆ ಧರಿಸುವ ಉಂಗುರಗಳು ಇದೇ ಕುಲದವು. ಇಲ್ಲಿ ಆ ಪೀಠದಲ್ಲಿ ಪ್ಲಾಟಿನಮನ್ನು ಕುಳ್ಳಿರಿಸಲಾಯಿತು. ಒಳಗೆ ಹುಟ್ಟಿದ ಬೆಳಕು ನೂರಕ್ಕೆ ೨೩, ಹೊರಗೆ ಬಂದುದು ನೂರಕ್ಕೆ ೪. ಆದರೆ ಅದರ ವಿಳಂಬವು ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟಿದ್ದು, ವಿದ್ಯುತ್ತನ್ನು ಹೆಚ್ಚಿಸಿದೊಡನೆ ಇನ್ನೂ ಇಳಿಯದ ತ್ರಿಕಗಳು ಒಂದರ ಮೇಲೊಂದು ಕಿಕ್ಕಿರಿದು ಪರಸ್ಪರ ನಾಶವಾಗುತ್ತಿದ್ದುವು.

ಈ ದೋಷವನ್ನು ಇರಿಡಿಯಮ್ ಕಳೆಯಿತು. ೧೮೦೩ರಲ್ಲಿ ಸ್ಮಿತ್ಸನ್ ಟೆನೆಂಟನು ಪ್ಲಾಟಿನಮಿನ ಅದುರಿನ ಶೇಷದಿಂದ ಈ ಲೋಹವನ್ನು ಬೇರ್ಪಡಿಸಿ, ಇದರ ಲವಣಗಳು ನಾನಾವರ್ಣದವಾಗಿರುವುದನ್ನು ಕಂಡು, ಗ್ರೀಕರ ಮಳೆಬಿಲ್ಲಿನ ದೇವತೆಯಾದ ಐರಿಸಳ ಹೆಸರನ್ನಿಟ್ಟನು. ಫಿನೈಲ್‌ಪಿರಿಡೀನ್ ಎಂಬ ಮೂರು ಲಿಗ್ಯಾಂಡುಗಳು, ಬಿಲ್ವಪತ್ರದ ಮೂರು ದಳಗಳಂತೆ ಒಂದೇ ನೆಲೆಯಿಂದ ಹೊರಟು ಇರಿಡಿಯಮನ್ನು ಸುತ್ತಿದರೆ ಹಸುರಾಗಿ ಬೆಳಗುವ ಸಂಕೀರ್ಣವಾಗುತ್ತದೆ. ಇದರ ವಿಳಂಬವು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಮಾತ್ರ. ಉದ್ರೇಕದ ಕಾಲದಲ್ಲಿ ಲೋಹದ ಎಲೆಕ್ಟ್ರಾನೇ ಲಿಗ್ಯಾಂಡಿನ ಕಡೆಗೆ ಸಾಗುವುದರಿಂದ ಲೋಹದ ಭಾರವು ನೇರವಾಗಿ ಈ ವ್ಯಾಪಾರದಲ್ಲಿ ಕೈಹಾಕುವುದು. ಏಕಕವಾಗಿ ಹುಟ್ಟಿದವೂ ಕ್ಷಣಮಾತ್ರದಲ್ಲಿ ತ್ರಿಕದ ನೆಲೆಗೇ ಇಳಿದು ಅಲ್ಲಿಂದ ಬೆಳಗುವುವು. ಹೀಗೆ ನಾಲ್ಕು ಪಾಲೂ ಒಂದೇ ಬಾಗಿಲಿನಿಂದ ಹೊರಡುವುದಾಯಿತು. ೧೯೯೯ರಲ್ಲಿ ಹೊರಗೆ ಬಂದ ಬೆಳಕು ನೂರಕ್ಕೆ ೮. ೨೦೦೧ರಲ್ಲಿ ಇದೇ ಕುಲದ ಮತ್ತೊಂದು ಸಂಕೀರ್ಣದಿಂದ ಒಳಗಿನದು ನೂರಕ್ಕೆ ೮೭, ಹೊರಗಿನದು ನೂರಕ್ಕೆ ೧೯. ಒಳಗೂ ಹೊರಗೂ ಇರುವ ಈ ಅಂತರವು ಅಣುವಿನ ದೋಷವಲ್ಲ. ಪದರಗಳೊಳಗೂ ಗಾಜಿನೊಳಗೂ ಪ್ರತಿಫಲಿಸುತ್ತ ಸಿಕ್ಕಿಕೊಂಡ ಬೆಳಕಿನ ಲೆಕ್ಕ.

೬. ನೀಲಿಯ ಕ್ಲೇಶ, ಲೋಹದ ವಿರಳತೆ

ಲಿಗ್ಯಾಂಡನ್ನು ಬದಲಾಯಿಸಿದರೆ ವರ್ಣವು ಬದಲಾಗುವುದು. ಉಂಗುರಗಳನ್ನು ವಿಸ್ತರಿಸಿದರೆ ಕೆಂಪಿನ ಕಡೆಗೆ, ಫ್ಲೋರಿನನ್ನು ಜೋಡಿಸಿದರೆ ನೀಲಿಯ ಕಡೆಗೆ. ಕೆಂಪು ಹಸುರುಗಳು ಪರದೆಗಳಲ್ಲಿ ನೆಲೆಗೊಂಡುವು. ನೀಲಿಯು ಮಾತ್ರ ಬಹುಕಾಲ ಒಲಿಯಲಿಲ್ಲ. ಕಾರಣವು ಹೀಗೆ: ನೀಲಿಯ ಕಣಕ್ಕೆ ಶಕ್ತಿಯು ಹೆಚ್ಚು. ಅಷ್ಟು ಶಕ್ತಿಯನ್ನು ಹೊತ್ತ ತ್ರಿಕಗಳೆರಡು ಇಳಿಯುವ ಮೊದಲೇ ಸಂಧಿಸಿದರೆ, ಕೂಡಿದ ಶಕ್ತಿಯು ಅಣುವಿನ ಬಂಧವನ್ನೇ ಮುರಿಯಬಲ್ಲುದು. ಇದಲ್ಲದೆ, ಲೋಹಕ್ಕೂ ಲಿಗ್ಯಾಂಡಿಗೂ ಇರುವ ಹಿಡಿತವನ್ನು ಸಡಿಲಿಸುವ ನೆಲೆಗಳು ನೀಲಿಗೆ ಸಮೀಪದಲ್ಲಿಯೇ ಇರುತ್ತವೆ. ಆದುದರಿಂದ ನೀಲಿಯ ಅನುದೀಪ್ತವು ಬೆಳಗುತ್ತ ಬೆಳಗುತ್ತ ತನ್ನನ್ನೇ ಸುಟ್ಟುಕೊಳ್ಳುವುದು. ಈ ಕಾರಣದಿಂದ ಬಹುತೇಕ ಪರದೆಗಳಲ್ಲಿ ನೀಲಿಗೆ ಪ್ರತಿದೀಪ್ತವಸ್ತುಗಳನ್ನೇ ಇಟ್ಟು, ಆ ಒಂದು ವರ್ಣದಲ್ಲಿ ಹಳೆಯ ನಷ್ಟವನ್ನು ಸಹಿಸಲಾಯಿತು. ೨೦೨೫ರಲ್ಲಿ ಕೊರಿಯದ ಎಲ್.ಜಿ. ಡಿಸ್‌ಪ್ಲೇ ಸಂಸ್ಥೆಯವರು ಪ್ರತಿದೀಪ್ತ ಮತ್ತು ಅನುದೀಪ್ತ ನೀಲಿಗಳನ್ನು ಒಂದರ ಮೇಲೊಂದಾಗಿ ಇಟ್ಟ ರಚನೆಯು ತಯಾರಿಕೆಗೆ ಯೋಗ್ಯವಾದುದೆಂದು ಪ್ರಕಟಿಸಿದರು.

ಎರಡನೆಯ ಕೊರತೆಯು ಲೋಹದ್ದು. ಭೂಮಿಯ ಮೇಲ್ಪದರದಲ್ಲಿ ಅತಿವಿರಳವಾದ ಲೋಹಗಳಲ್ಲಿ ಇರಿಡಿಯಮ್ ಒಂದು. ಪ್ಲಾಟಿನಮಿನ ಗಣಿಗಾರಿಕೆಯಲ್ಲಿ ಜೊತೆಗೆ ದೊರೆಯುವುದೇ ಹೊರತು ಇದಕ್ಕಾಗಿಯೇ ಗಣಿಗಳಿಲ್ಲ. ಅದರಲ್ಲಿಯೂ ಬಹುಪಾಲು ದಕ್ಷಿಣ ಆಫ್ರಿಕದಿಂದ ಬರತಕ್ಕುದು. ಒಂದು ಪರದೆಗೆ ಬೇಕಾಗುವ ಇರಿಡಿಯಮ್ ಅತ್ಯಲ್ಪವಾದರೂ, ಆ ಅಲ್ಪವನ್ನು ಹಳೆಯ ಪರದೆಯಿಂದ ಮತ್ತೆ ತೆಗೆಯುವುದು ಸುಲಭವಲ್ಲ. ಕರ್ನಾಟಕದಲ್ಲಿ ಚನ್ನಗಿರಿ ಪ್ರಾಂತದ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಮ್ ವರ್ಗದ ಲೋಹಗಳು ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿರುವರು. ಅಲ್ಲಿ ಮುಖ್ಯವಾದುವು ಪ್ಲಾಟಿನಮ್ ಮತ್ತು ಪಲ್ಲೇಡಿಯಮ್.

ಈ ವಿರಳತೆಯಿಂದಲೇ ಲೋಹವಿಲ್ಲದೆ ತ್ರಿಕವನ್ನು ಬೆಳಗಿಸುವ ಪ್ರಯತ್ನಗಳು ಹುಟ್ಟಿದುವು. ೨೦೧೨ರಲ್ಲಿ ಜಪಾನಿನ ಅದಾಚಿಯವರೂ ಅವರ ಸಂಗಡಿಗರೂ ಏಕಕ ತ್ರಿಕಗಳ ಅಂತರವನ್ನು ತೀರ ಕಡಿಮೆಮಾಡಿ, ಕೋಣೆಯ ಕಾವಿನಿಂದಲೇ ತ್ರಿಕವನ್ನು ಏಕಕಕ್ಕೆ ಏರಿಸುವ ಮಾರ್ಗವನ್ನು ತೋರಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸುಬಿ ಜಾರ್ಜ್ ಅವರೂ ಅವರ ಶಿಷ್ಯರೂ ಸಾವಯವ ಅಣುಗಳಿಗೆ ಬ್ರೋಮಿನನ್ನು ಸೇರಿಸಿ, ಅಣುವು ಅಲುಗದಂತೆ ಬಿಗಿಯಾದ ಆಶ್ರಯದಲ್ಲಿಟ್ಟು, ಸಾಧಾರಣ ಹವೆಯಲ್ಲಿಯೇ ಅನುದೀಪ್ತಿಯನ್ನು ಪಡೆದಿರುವರು. ಬ್ರೋಮಿನಿನ ಪರಮಾಣುಸಂಖ್ಯೆ ೩೫. ಇರಿಡಿಯಮಿಗೆ ಸಮವಲ್ಲದಿದ್ದರೂ ಇಂಗಾಲಕ್ಕಿಂತ ಬಹಳ ಭಾರ. ಇಲ್ಲಿಯೂ ತತ್ತ್ವವು ಮಾಣಿಕ್ಯದ್ದೇ: ಆಶ್ರಯವು ಬಿಗಿಯಾಗಿದ್ದರೆ ವಿಳಂಬವು ನಷ್ಟವಾಗದು.

೭. ಉಪಸಂಹಾರ

ಮೇಲೆ ಹೇಳಿದುದರಿಂದ ಫಲಿಸಿದ ಅರ್ಥವನ್ನು ಸಂಗ್ರಹಿಸಿದರೆ: ವಿದ್ಯುತ್ತಿನಿಂದ ಉದ್ರಿಕ್ತವಾದ ಅಣುಗಳಲ್ಲಿ ಮುಕ್ಕಾಲು ಪಾಲು ತ್ರಿಕಗಳಾಗಿಯೇ ಹುಟ್ಟುವುವು, ಇದು ತಪ್ಪದು. ಹಗುರವಾದ ಲೋಹದ ಬಳಿ ಅವು ಕಾವಾಗಿ ಕಳೆಯುವುವು. ಭಾರವಾದ ಲೋಹದ ಬಳಿ ಬೆಳಕಾಗುವುವು. ಭಾರಲೋಹವು ಶಕ್ತಿಯನ್ನು ಹೊಸದಾಗಿ ಕೊಡುವುದಿಲ್ಲ. ಹೋಗುತ್ತಿದ್ದುದನ್ನು ಹೋಗದಂತೆ ಮಾಡುವುದಷ್ಟೆ ಅದರ ಕಾರ್ಯ.

ತರ್ಕಶಾಸ್ತ್ರದಲ್ಲಿ ತೇಜಸ್ಸನ್ನು ಭೌಮ, ದಿವ್ಯ, ಔದರ್ಯ, ಆಕರಜವೆಂದು ನಾಲ್ಕಾಗಿ ವಿಂಗಡಿಸಿ, ಗಣಿಯಿಂದ ಬರುವ ಸುವರ್ಣಾದಿಗಳನ್ನು ಆಕರಜತೇಜಸ್ಸೆಂದು ಗಣಿಸಿರುವುದನ್ನು ಕಂಡು, ಪ್ರಾಚೀನರು ಇದನ್ನೆಲ್ಲ ಬಲ್ಲವರಾಗಿದ್ದರೆಂದು ಹೇಳಲು ಕೆಲವರಿಗೆ ಉತ್ಸಾಹವುಂಟಾಗಬಹುದು. ಅವರ ವಿಭಾಗವು ಅವರ ಪ್ರಶ್ನೆಗೆ ಉತ್ತರ. ಭ್ರಮಣದ ಗಣಿತವು ಬೇರೊಂದು ಪ್ರಶ್ನೆಗೆ ಉತ್ತರ. ಶಬ್ದಸಾಮ್ಯವನ್ನು ಅರ್ಥಸಾಮ್ಯವೆಂದು ಭಾವಿಸಿದರೆ ಎರಡು ಶಾಸ್ತ್ರಗಳಿಗೂ ಅನ್ಯಾಯವಾದೀತು. ಪೂರ್ವಶಾಸ್ತ್ರಗಳಿಂದ ಈ ವಿಷಯಕ್ಕೆ ದೊರೆಯತಕ್ಕ ನೆರವು ಮತ್ತೊಂದು ಬಗೆಯದು: ಉತ್ಸರ್ಗಾಪವಾದಗಳನ್ನು ವಿವೇಚಿಸುವ ಶಿಕ್ಷಣ, ಉದ್ಭೂತಾನುದ್ಭೂತಗಳನ್ನು ಬೇರ್ಪಡಿಸುವ ಪರಿಭಾಷೆ, ಹೊಸ ವಸ್ತುವಿಗೆ ತಕ್ಕ ಶಬ್ದವನ್ನು ಕಟ್ಟುವ ಸಾಮರ್ಥ್ಯ. ಇವುಗಳಿಂದ ಕನ್ನಡದಲ್ಲಿ ಈ ವಿದ್ಯೆಯನ್ನು ನಿಸ್ಸಂದೇಹವಾಗಿ ಹೇಳಬಹುದು. ನೀಲಿಯ ತ್ರಿಕವನ್ನು ಸುಡದೆ ಬೆಳಗಿಸುವ ಕ್ರಮವಾವುದು, ವಿರಳಲೋಹದ ಸ್ಥಾನದಲ್ಲಿ ಸುಲಭಲೋಹವನ್ನು ನಿಲ್ಲಿಸಬಹುದೇ ಎಂಬ ಎರಡು ಪ್ರಶ್ನೆಗಳ ಉತ್ತರವು ಪ್ರಯೋಗಶಾಲೆಗಳಿಂದಲೇ ಬರತಕ್ಕುದು.